ಹಳೆಯ ವಿದ್ಯುತ್ ಆವಿಗೆಯನ್ನು ಮನೆಯಲ್ಲಿ ದುರಸ್ತಿ ಮಾಡುವ ಬಗೆ

ನಾನು ಕೊಂಡ ಆವಿಗೆ, ಅಂದರೆ ಮಣ್ಣಿನ ಪಾತ್ರೆ ಸುಡುವ ಒಲೆ, ಮುಚ್ಚಿಹೋದ ಒಂದು ಕುಂಬಾರಿಕೆ ತರಗತಿಯ ಗೋಡೌನಿನಲ್ಲಿ ಮೂರು ಮಳೆಗಾಲ ಕಳೆದಿತ್ತು. ಮೇಲಿನಿಂದ ಮುಚ್ಚಳ ತೆರೆಯುವ, ಒಳಗೆ ದುಂಡಗೆ 45 ಸೆಂಟಿಮೀಟರ್ ಅಗಲ, ಅಷ್ಟೇ ಆಳ, ಸುಮಾರು 70 ಲೀಟರ್ ಹಿಡಿಯುವ ಸಾಧಾರಣ ಗಾತ್ರದ್ದು. ಹೊರಗಿನ ಫಲಕದಲ್ಲಿ 230 ವೋಲ್ಟ್, 6 ಕಿಲೋವ್ಯಾಟ್, 1250 ಡಿಗ್ರಿ ಎಂದಿತ್ತು. ಕೆಳಗಿನ ಸರ್ಕಿಟ್ ಕಾಯುವುದಿಲ್ಲ, ಅದಕ್ಕೆ ಹೊಸ ಎಲಿಮೆಂಟ್ (ಕಾದು ಶಾಖ ಕೊಡುವ ತಂತಿಯ ಸುರುಳಿ) ಹಾಕಿಸಿಕೊಂಡರೆ ಸಾಕು ಎಂದು ಮಾರಿದವರು ಹೇಳಿದರು. ಬಿಚ್ಚಿ ಅಳೆದಾಗ ಕಂಡದ್ದು ತಿರುಗಾಮುರುಗಾ: ಸತ್ತಿದೆ ಎಂದ ಕೆಳಗಿನ ಎಲಿಮೆಂಟ್ 17.9 ಓಮ್ (ವಿದ್ಯುತ್ ತಡೆಯ ಅಳತೆ) ತೋರಿಸುತ್ತ ಹೊಸದರಷ್ಟೇ ಗಟ್ಟಿಯಾಗಿತ್ತು, ಕೆಟ್ಟಿದ್ದದ್ದು ಅದರ ತುದಿಯ ಹಿತ್ತಾಳೆಯ ಕನೆಕ್ಟರ್ ಮಾತ್ರ. ಚೆನ್ನಾಗಿ ಕಾಯುತ್ತದೆ ಎಂದ ಮೇಲಿನ ಎಲಿಮೆಂಟ್ 20.8 ಓಮ್ ತೋರಿಸುತ್ತ ಕೊನೆಗಾಲಕ್ಕೆ ಬಂದಿತ್ತು.

ಹೀಗಾಗಿ ಈ ಬರಹದ ಉದ್ದಕ್ಕೂ ನಾನು ಒಂದೇ ಮಾತಿಗೆ ಮರಳಿ ಬರುತ್ತೇನೆ. ಆವಿಗೆಯನ್ನು ತಣ್ಣಗಿರುವಾಗಲೇ ಅಳೆಯದೆ ಒಂದು ಮೊಳೆಯನ್ನೂ ಕೊಳ್ಳಬಾರದು. ಸಾವಿರ ರೂಪಾಯಿಯ ಮಲ್ಟಿಮೀಟರ್ ಮತ್ತು ಒಂದು ಆಯಸ್ಕಾಂತದ ತುಂಡು ಹೇಳಬಲ್ಲ ಸಂಗತಿಯನ್ನು ತಿಳಿಯಲು, ಕಂಡಕಂಡ ಭಾಗವನ್ನು ಬದಲಾಯಿಸುತ್ತ ಹೋದವರು ಆವಿಗೆಯ ಬೆಲೆಯಷ್ಟೇ ಖರ್ಚು ಮಾಡಿಕೊಂಡಿರುವುದನ್ನು ನೋಡಿದ್ದೇನೆ. ಹಳ್ಳಿಯ ಕುಂಬಾರರು ಆವಿಗೆ ಎನ್ನುವುದನ್ನೇ ನಗರದ ಸ್ಟುಡಿಯೋಗಳಲ್ಲಿ ಕಿಲ್ನ್ ಎನ್ನುತ್ತಾರೆ; ಇಲ್ಲಿ ಹಳೆಯ ಮಾತನ್ನೇ ಬಳಸಿದ್ದೇನೆ.

ಕೊಳ್ಳುವ ಮುನ್ನ ನೋಡಬೇಕಾದದ್ದು

ಮೊದಲು ಹೊರಗಿನ ಫಲಕವನ್ನು ಓದಿ. ಸಿಂಗಲ್ ಫೇಸೋ ತ್ರೀ ಫೇಸೋ ಎಂಬುದು ಅಲ್ಲೇ ಗೊತ್ತಾಗುತ್ತದೆ. ಮನೆಯಲ್ಲಿ ತ್ರೀ ಫೇಸ್ ಇಲ್ಲದಿದ್ದರೆ ತ್ರೀ ಫೇಸ್ ಆವಿಗೆ ಎಷ್ಟೇ ಅಗ್ಗವಾದರೂ ಬೇಡ. ಫಲಕವೇ ಇಲ್ಲದಿದ್ದರೂ ಗಾಬರಿಪಡಬೇಕಾಗಿಲ್ಲ, ಓಮ್ ಅಳತೆಯಿಂದ ಅದರ ಶಕ್ತಿಯನ್ನು ಲೆಕ್ಕ ಹಾಕಬಹುದು.

ಆಮೇಲೆ ಟಾರ್ಚ್ ಹಿಡಿದು ಒಳಗೆ ನೋಡಿ. ಎಲಿಮೆಂಟ್ ಸೊಟ್ಟಗಾಗಿದ್ದರೆ, ಒಂದೆರಡು ಕಡೆ ಇಟ್ಟಿಗೆಯಲ್ಲಿ ಕೊರೆದ ಕಾಲುವೆಯಿಂದ ಜಾರಿ ಜೋತುಬಿದ್ದಿದ್ದರೆ ಅದು ದುರಸ್ತಿಯಾಗುವ ದೋಷ. ಇಟ್ಟಿಗೆಯಲ್ಲಿ ಕೂದಲೆಳೆಯ ಬಿರುಕುಗಳಿರುವುದು ಸಹಜ, ಕಾಯುವಾಗ ಅವು ಕೂಡಿಕೊಳ್ಳುತ್ತವೆ. ಆದರೆ ತಳದಲ್ಲಿ ಗ್ಲೇಜ್ (ಪಾತ್ರೆಗೆ ಬಳಿಯುವ ಗಾಜಿನಂಥ ಲೇಪ) ಕರಗಿ ಹರಿದು ಇಟ್ಟಿಗೆಯೊಳಗೆ ಕೆರೆಯಂತೆ ನಿಂತಿದ್ದರೆ, ಅಥವಾ ಹೊರಗಿನ ತಗಡು ತುಕ್ಕು ಹಿಡಿದು ಬೆರಳೊತ್ತಿದರೆ ತೂತಾಗುವಂತಿದ್ದರೆ, ಬೆಲೆಯನ್ನು ಅರ್ಧಕ್ಕಿಂತ ಕೆಳಗೆ ಕೇಳಿ ಅಥವಾ ಬಿಟ್ಟುಬಿಡಿ. ಒಳಗಿನ ಇಟ್ಟಿಗೆ ಉಗುರಿನಿಂದ ಗೀರಿದರೂ ಗೆರೆ ಬೀಳುವಷ್ಟು ಮೆತ್ತಗಿರುತ್ತದೆ. ಗಾಡಿಯಲ್ಲಿ ತರುವಾಗ ಶೆಲ್ಫುಗಳನ್ನು ಹೊರತೆಗೆದು, ಮುಚ್ಚಳವನ್ನು ಬಿಚ್ಚಿ ಬೇರೆಯಾಗಿ ಸುತ್ತಿ, ಆವಿಗೆಯನ್ನು ಹಳೆಯ ಹಾಸಿಗೆಯ ಮೇಲೆ ನೆಟ್ಟಗೆ ನಿಲ್ಲಿಸಿ ತನ್ನಿ, ಅಡ್ಡ ಮಲಗಿಸಬೇಡಿ.

ವಿದ್ಯುತ್ತಿನಿಂದ ಬೇರ್ಪಡಿಸುವುದು

ದುರಸ್ತಿಯ ಕೆಲಸವೆಲ್ಲ ಪ್ಲಗ್ ಕಿತ್ತ, ಅಥವಾ ವೈರನ್ನು ಮೇನ್ ಬೋರ್ಡಿನಿಂದಲೇ ಕಳಚಿದ ಆವಿಗೆಯ ಮೇಲೆ ನಡೆಯಬೇಕು. ಸ್ವಿಚ್ ಆರಿಸಿದ್ದೇನೆ ಎಂಬ ಧೈರ್ಯ ಸಾಲದು. ಅನೇಕ ಆವಿಗೆಗಳಲ್ಲಿ ಶಾಖವನ್ನು ನಿಯಂತ್ರಿಸುವ ಕಂಟ್ರೋಲರ್ ಒಂದು ತಂತಿಯನ್ನು ಮಾತ್ರ ಕಡಿಯುತ್ತದೆ, ಇನ್ನೊಂದು ನೇರವಾಗಿ ಎಲಿಮೆಂಟಿಗೆ ಹೋಗಿರುತ್ತದೆ. ಹಳೆಯ ಮನೆಗಳ ಸಾಕೆಟ್ಟಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿದ್ದರೆ, ಆರಿಸಿದ ಆವಿಗೆಯ ಎಲಿಮೆಂಟಿನಲ್ಲೂ 230 ವೋಲ್ಟ್ ಕುಳಿತಿರುತ್ತದೆ. ಸಾಲಿಡ್ ಸ್ಟೇಟ್ ರಿಲೇ (ಚಲಿಸುವ ಭಾಗವಿಲ್ಲದ ಎಲೆಕ್ಟ್ರಾನಿಕ್ ಸ್ವಿಚ್) ಇದ್ದರಂತೂ ಆರಿದ ಸ್ಥಿತಿಯಲ್ಲೂ ಅದರ ಮೂಲಕ ಅಲ್ಪಸ್ವಲ್ಪ ವಿದ್ಯುತ್ ಸೋರುತ್ತಲೇ ಇರುತ್ತದೆ.

ಇನ್ನೊಂದು ಎಚ್ಚರಿಕೆ ದೂಳಿನದು. ಇಟ್ಟಿಗೆಯ ಪುಡಿಯಲ್ಲಿ ಸಿಲಿಕಾ ಇರುತ್ತದೆ. ಮುಚ್ಚಳದ ಅಂಚಿಗೆ ಹಾಕಿದ ಸೆರಾಮಿಕ್ ಫೈಬರ್ ಹಲವು ಬಾರಿ ಕಾದ ಮೇಲೆ ಪುಡಿಪುಡಿಯಾಗಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಕಣಗಳನ್ನು ಬಿಡುತ್ತದೆ. ತುಂಬಾ ಹಳೆಯ ಆವಿಗೆಯಾದರೆ ಕನೆಕ್ಟರ್ ಪೆಟ್ಟಿಗೆಯ ಹಿಂದೆ ಆಸ್ಬೆಸ್ಟಾಸ್ ಹಾಳೆ ಇರುವ ಸಾಧ್ಯತೆಯೂ ಉಂಟು; ಬೂದುಬಣ್ಣದ, ನಾರುನಾರಾದ ಹಾಳೆ ಕಂಡರೆ ಅದನ್ನು ಕೆರೆಯದೆ, ಒಡೆಯದೆ ಹಾಗೆಯೇ ಬಿಡಿ. ಬಾಯಿಗೆ ಕರವಸ್ತ್ರ ಕಟ್ಟಿಕೊಂಡರೆ ಪ್ರಯೋಜನವಿಲ್ಲ, ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮುಸುಕೇ ಬೇಕು. ದೂಳನ್ನು ಗಾಳಿ ಊದಿ ತೆಗೆಯಬಾರದು. ವ್ಯಾಕ್ಯೂಮ್ ಅಥವಾ ಒದ್ದೆ ಬಟ್ಟೆ ಬಳಸಬೇಕು.

ತಣ್ಣಗಿರುವಾಗಲೇ ಅಳತೆ

ಕನೆಕ್ಟರ್ ಪೆಟ್ಟಿಗೆಯ ಮುಚ್ಚಳ ತೆಗೆದ ಕೂಡಲೇ ನಾಲ್ಕು ಕಡೆಯಿಂದ ಫೋನಿನಲ್ಲಿ ಚಿತ್ರ ತೆಗೆದುಕೊಳ್ಳಿ, ಪ್ರತಿ ವೈರಿಗೂ ಕಾಗದದ ಚೀಟಿ ಅಂಟಿಸಿ ಅಂಕಿ ಬರೆಯಿರಿ. ಇದು ಹತ್ತು ನಿಮಿಷದ ಕೆಲಸ. ಮಾಡದಿದ್ದರೆ ಮರುಜೋಡಣೆಯ ದಿನ ಅರ್ಧ ದಿನ ಹೋಗುತ್ತದೆ.

ಈಗ ಎಲಿಮೆಂಟುಗಳನ್ನು ಉಳಿದ ವೈರಿಂಗಿನಿಂದ ಕಳಚಿ ಒಂದೊಂದಾಗಿ ಅಳೆಯಬೇಕು. ಮೀಟರಿನ ಎರಡು ಕಡ್ಡಿಗಳನ್ನು ಮೊದಲು ಒಂದಕ್ಕೊಂದು ಮುಟ್ಟಿಸಿ, 0.2 ಅಥವಾ 0.3 ಓಮ್ ಬಂದರೆ ಅದನ್ನು ಮುಂದಿನ ಎಲ್ಲ ಅಳತೆಗಳಿಂದ ಕಳೆಯಿರಿ. ಎಲಿಮೆಂಟಿನ ಬಾಲದ, ಅಂದರೆ ಇಟ್ಟಿಗೆ ದಾಟಿ ಹೊರಬರುವ ತುದಿಯ, ಮೇಲೆ ಗಟ್ಟಿಯಾದ ಆಕ್ಸೈಡ್ ಪದರ ಇರುವುದರಿಂದ, ಅರದಿಂದ ಒಂದಿಷ್ಟು ಉಜ್ಜಿ ಹೊಳಪು ಬಂದ ಜಾಗದಲ್ಲಿ ಕಡ್ಡಿ ಒತ್ತಿ.

ಎಷ್ಟು ಬರಬೇಕು ಎಂಬುದು ಸುಲಭದ ಲೆಕ್ಕ: ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ ವ್ಯಾಟಿನಿಂದ ಭಾಗಿಸಬೇಕು. ನನ್ನ 6 ಕಿಲೋವ್ಯಾಟ್ ಆವಿಗೆಯಲ್ಲಿ ಎರಡು ಸರ್ಕಿಟ್ಟುಗಳಿದ್ದವು, ತಲಾ 3000 ವ್ಯಾಟ್. 230ನ್ನು 230ರಿಂದ ಗುಣಿಸಿದರೆ 52,900. ಅದನ್ನು 3000ದಿಂದ ಭಾಗಿಸಿದರೆ 17.6 ಓಮ್. ಎಲಿಮೆಂಟ್ ಹಳೆಯದಾಗುತ್ತ ಹೋದಂತೆ ತಂತಿ ಸವೆದು ಓಮ್ ಏರುತ್ತದೆ, ಶಕ್ತಿ ಇಳಿಯುತ್ತದೆ. 20.8 ಓಮಿನ ಮೇಲಿನ ಸರ್ಕಿಟ್ ಕೊಡುತ್ತಿದ್ದದ್ದು ಸುಮಾರು 2540 ವ್ಯಾಟ್, ಅಂದರೆ 15 ಶೇಕಡಾ ಕಡಿಮೆ. ಇಂಥ ಆವಿಗೆ 1000 ಡಿಗ್ರಿಯ ಬಿಸ್ಕ್ ಉರಿಯನ್ನು (ಗ್ಲೇಜ್ ಬಳಿಯುವ ಮುನ್ನಿನ ಮೊದಲ ಸುಡುವಿಕೆ) ಹೇಗೋ ಮುಗಿಸುತ್ತದೆ, ಗ್ಲೇಜ್ ಉರಿಯಲ್ಲಿ 1150ರ ಸುತ್ತಮುತ್ತ ಏದುಸಿರು ಬಿಡುತ್ತ ನಿಂತುಬಿಡುತ್ತದೆ. ಮೂಲ ಅಳತೆಗಿಂತ 10 ಶೇಕಡಾ ಏರಿದರೆ ಬದಲಾವಣೆಯ ಕಾಲ ಬಂತೆಂದು ಕುಂಬಾರಿಕೆಯವರು ಲೆಕ್ಕ ಹಿಡಿಯುತ್ತಾರೆ. ಮೀಟರ್ ಏನನ್ನೂ ತೋರಿಸದಿದ್ದರೆ ಎಲ್ಲೋ ತುಂಡಾಗಿದೆ. ಎಲಿಮೆಂಟಿನಲ್ಲೋ ಅದರ ತುದಿಯ ಜೋಡಣೆಯಲ್ಲೋ ಎಂಬುದನ್ನು ಕನೆಕ್ಟರಿನ ಈಚೆಗೊಮ್ಮೆ, ಆಚೆಗೊಮ್ಮೆ ಕಡ್ಡಿ ಇಟ್ಟು ನೋಡಿ ತೀರ್ಮಾನಿಸಿ. ನನ್ನ ಕೆಳಗಿನ ಸರ್ಕಿಟ್ಟಿನ ಗುಟ್ಟು ಬಯಲಾದದ್ದು ಹೀಗೆ.

ಎಲಿಮೆಂಟನ್ನು ದೂರುವ ಮುನ್ನ ಇನ್ನೊಂದು ಸಂಗತಿ ಗಮನದಲ್ಲಿರಲಿ. ಶಕ್ತಿ ವೋಲ್ಟಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, ಮನೆಯಲ್ಲಿ 230ರ ಬದಲು 200 ವೋಲ್ಟ್ ಬರುತ್ತಿದ್ದರೆ ಹೊಚ್ಚ ಹೊಸ ಎಲಿಮೆಂಟಿನ ಶಕ್ತಿಯೂ 24 ಶೇಕಡಾ ಇಳಿದುಹೋಗುತ್ತದೆ. ಸಂಜೆಯ ಹೊತ್ತು ಊರಿನವರೆಲ್ಲ ದೀಪ, ಮೋಟಾರು ಹಾಕಿದಾಗ ಹಳ್ಳಿಗಳಲ್ಲಿ ಇದು ದಿನನಿತ್ಯದ ಮಾತು. ಆದ್ದರಿಂದ ಆವಿಗೆ ಪೂರ್ಣ ಶಕ್ತಿಯಲ್ಲಿ ಕಾಯುತ್ತಿರುವಾಗಿನ ವೋಲ್ಟೇಜನ್ನು ಎಲೆಕ್ಟ್ರಿಷಿಯನ್ನರಿಂದ ಅಳೆಸಿ. ಸಾಧನ ಚಾಲೂ ಇಲ್ಲದಾಗಿನ ಅಂಕಿಯಿಂದ ಏನೂ ತಿಳಿಯುವುದಿಲ್ಲ.

ಕೊನೆಯದಾಗಿ, ಎಲಿಮೆಂಟಿಗೂ ಹೊರಗಿನ ತಗಡಿಗೂ ನಡುವೆ 500 ವೋಲ್ಟಿನ ಮೆಗ್ಗರ್ (ವಿದ್ಯುತ್ ಸೋರಿಕೆ ಪರೀಕ್ಷಿಸುವ ಮೀಟರ್) ಹಾಕಿಸಿ. 1 ಮೆಗಾಓಮಿಗಿಂತ ಕಡಿಮೆ ಬಂದರೆ ಇಟ್ಟಿಗೆ ನೀರು ಕುಡಿದಿದೆ ಎಂದರ್ಥ, ಅಥವಾ ಬಾಲದ ತಂತಿ ಎಲ್ಲೋ ತಗಡಿಗೆ ತಾಗುತ್ತಿದೆ. ತಾಗುತ್ತಿದ್ದರೆ ಕಣ್ಣಿಗೇ ಕಾಣುತ್ತದೆ. ತೇವವಾದರೆ ಒಣಗಿಸಿದ ಮೇಲೆ ಮತ್ತೆ ಅಳೆಯಿರಿ.

ತುದಿಗಳು ಮತ್ತು ಕನೆಕ್ಟರುಗಳು

ಕೆಟ್ಟ ಜೋಡಣೆಯನ್ನು ನೋಡಿದರೆ ಗುರುತು ಸಿಗುತ್ತದೆ. ನನ್ನದರಲ್ಲಿ ಹಿತ್ತಾಳೆಯ ತುಂಡು ಹೊಳಪು ಕಳೆದುಕೊಂಡು ಕೆಂಪುಗಪ್ಪಾಗಿತ್ತು, ತಿರುಪಿನ ತಲೆ ಪುಡಿಯಾಗುವಂತಿತ್ತು, ಅದಕ್ಕೆ ಬಂದ ತಾಮ್ರದ ವೈರು ಮೂರು ಬೆರಳಿನಷ್ಟು ಉದ್ದ ಕಪ್ಪಾಗಿ, ಮಡಿಸಿದರೆ ಎಳೆಎಳೆಯಾಗಿ ಮುರಿಯುತ್ತಿತ್ತು. ಹೊರಕವಚ ಕರಗಿ ಮತ್ತೆ ಗಟ್ಟಿಯಾಗಿ ಗುಳ್ಳೆಗಟ್ಟಿತ್ತು. ತಿರುಪು ಒಂದಿಷ್ಟು ಸಡಿಲವಾದರೆ ಅಲ್ಲಿ ತಡೆ ಹೆಚ್ಚುತ್ತದೆ, ತಡೆ ಹೆಚ್ಚಿದರೆ ಬಿಸಿಯಾಗುತ್ತದೆ, ಬಿಸಿಯಾದರೆ ಲೋಹ ಹಿಗ್ಗಿ ಕುಗ್ಗಿ ತಿರುಪು ಇನ್ನಷ್ಟು ಸಡಿಲವಾಗುತ್ತದೆ. ಈ ಸರಪಣಿ ಒಮ್ಮೆ ಶುರುವಾದರೆ ತಾನಾಗಿ ನಿಲ್ಲುವುದಿಲ್ಲ.

ಕಪ್ಪಾದ ವೈರನ್ನು ಹೊಳೆಯುವ ತಾಮ್ರ ಸಿಗುವವರೆಗೂ ಕತ್ತರಿಸಿ ಎಸೆಯಿರಿ. ಮನೆಯ ಸಾಮಾನ್ಯ ಪಿವಿಸಿ ವೈರು ಈ ಪೆಟ್ಟಿಗೆಯೊಳಗೆ ಉಳಿಯಲಾರದು. ಫೈಬರ್ ಗ್ಲಾಸ್ ಹೊದಿಕೆಯ, ಹೆಚ್ಚು ಶಾಖ ತಡೆಯುವ ವೈರನ್ನು ಕೇಳಿ ತನ್ನಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹೀಟರ್ ಸಾಮಾನು ಮಾರುವ ಅಂಗಡಿಗಳಲ್ಲಿ ಇದು ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಹಳೆಯ ಕನೆಕ್ಟರನ್ನು ಉಜ್ಜಿ ಮತ್ತೆ ಹಾಕುವ ಉಳಿತಾಯ ಬೇಡ, ಹೊಸದನ್ನೇ ಹಾಕಿ. ಎಲಿಮೆಂಟಿನ ಬಾಲವನ್ನು ಅರದಿಂದ ಉಜ್ಜಿ ಲೋಹದ ಹೊಳಪು ತರಿಸಿದ ಮೇಲೆಯೇ ಬಿಗಿಯಬೇಕು. ಇಲ್ಲಿ ಬೆಸುಗೆ ಸೀಸವನ್ನು ಬಳಸಲೇಬಾರದು, ಮೊದಲ ಉರಿಯಲ್ಲೇ ಅದು ಕರಗಿ ತೊಟ್ಟಿಕ್ಕುತ್ತದೆ.

ಇಟ್ಟಿಗೆ

ಒಳಗೋಡೆಯ ಕೆಲಸ ನಿಧಾನದ್ದು, ಆದರೆ ಕಷ್ಟದ್ದಲ್ಲ. ಇಟ್ಟಿಗೆಗೆ ಅಂಟಿದ ಗ್ಲೇಜಿನ ಹನಿಗಳನ್ನು ಹಳೆಯ ಚಾಕು ಅಥವಾ ಚಿಕ್ಕ ಉಳಿಯಿಂದ ಬೇರುಸಹಿತ ಕೆತ್ತಿ ತೆಗೆಯಿರಿ. ಮೇಲ್ಮೈಯನ್ನಷ್ಟೇ ಕೆರೆದರೆ ಮುಂದಿನ ಉರಿಯಲ್ಲಿ ಒಳಗಿನ ಗ್ಲೇಜ್ ಮತ್ತೆ ಕರಗಿ ಇನ್ನಷ್ಟು ಆಳಕ್ಕೆ ಇಳಿಯುತ್ತದೆ, ಎಲಿಮೆಂಟಿಗೆ ತಾಗಿದರೆ ಅದನ್ನು ತಿಂದು ಹಾಕುತ್ತದೆ.

ಕಾಲುವೆಯ ತುಟಿ ಮುರಿದ ಕಡೆ ತೇಪೆ ಹಾಕಬೇಕು. ಮುರಿದ ಭಾಗವನ್ನು ಚೌಕಾಕಾರಕ್ಕೆ, ಒಳಗೆ ಅಗಲವಾಗಿ ಹೊರಗೆ ಕಿರಿದಾಗುವಂತೆ ಕೊರೆಯಿರಿ. ಅದೇ ಆಕಾರದ ತುಂಡನ್ನು ಹೊಸ ಇನ್ಸುಲೇಷನ್ ಇಟ್ಟಿಗೆಯಿಂದ ಗರಗಸದಲ್ಲಿ ಕೊಯ್ದು ಪಕ್ಕದಿಂದ ಸರಿಸಿ ಕೂರಿಸಿದರೆ, ಬಾಗಿಲಿನ ಚೌಕಟ್ಟಿಗೆ ಬಡಗಿ ಹಾಕುವ ಬೆಣೆಯಂತೆ ತಾನೇ ಹಿಡಿದುಕೊಳ್ಳುತ್ತದೆ. ಮಾರುಕಟ್ಟೆಯಲ್ಲಿ 23 ಮತ್ತು 26 ಎಂದು ಎರಡು ದರ್ಜೆಯ ಇಟ್ಟಿಗೆ ಸಾಮಾನ್ಯವಾಗಿ ಸಿಗುತ್ತದೆ. ಮೊದಲನೆಯದು 1260 ಡಿಗ್ರಿಯವರೆಗೆ, ಎರಡನೆಯದು ಸುಮಾರು 1430ರವರೆಗೆ ತಡೆಯುತ್ತದೆ. 1220 ಡಿಗ್ರಿಯ ಗ್ಲೇಜ್ ಉರಿಸುವವರು ಎಲಿಮೆಂಟಿನ ಪಕ್ಕಕ್ಕೆ 26ನ್ನೇ ಹಾಕುವುದು ಲೇಸು, ಏಕೆಂದರೆ ತಂತಿಯ ಪಕ್ಕದ ಶಾಖ ಒಳಗಿನ ಗಾಳಿಯ ಶಾಖಕ್ಕಿಂತ ಯಾವಾಗಲೂ ಹೆಚ್ಚು.

ಅಂಟಿನ ವಿಷಯದಲ್ಲಿ ಒಂದು ತಪ್ಪು ಬಹಳ ಕಡೆ ನಡೆಯುತ್ತದೆ. ಇಟ್ಟಿಗೆ ಪುಡಿಗೆ ಸೋಡಿಯಂ ಸಿಲಿಕೇಟ್ ಕಲಸಿ ಕಾಲುವೆಯೊಳಗೇ ಮೆತ್ತುತ್ತಾರೆ. ಅದರಲ್ಲಿರುವ ಕ್ಷಾರ ಎಲಿಮೆಂಟಿನ ರಕ್ಷಣಾ ಪದರವನ್ನು ಕಾದ ಸ್ಥಿತಿಯಲ್ಲಿ ಕೊರೆಯುತ್ತದೆ, ಅದೇ ಜಾಗದಲ್ಲಿ ತಂತಿ ತುಂಡಾಗುತ್ತದೆ. ಕಾಲುವೆಯೊಳಗೆ ಅಂಟೇ ಇಲ್ಲದಿರುವುದು ಉತ್ತಮ. ತೇಪೆ ನಿಲ್ಲದಿದ್ದರೆ ಎಲಿಮೆಂಟಿನದೇ ತಂತಿಯ ಚೂರನ್ನು ಮೊಳೆಯಂತೆ ಇಟ್ಟಿಗೆಗೆ ಚುಚ್ಚಿ ನಿಲ್ಲಿಸಿ. ತಳದ ಹಾಸಿಗೆ ಮತ್ತು ಶೆಲ್ಫುಗಳ ಮೇಲ್ಮೈಗೆ ಅಲ್ಯುಮಿನಾ ಹೈಡ್ರೇಟ್ ಮತ್ತು ಚೀನಾ ಜೇಡಿಯನ್ನು ಸಮಪಾಲು ಸೇರಿಸಿ, ಮಜ್ಜಿಗೆಯ ಹದಕ್ಕೆ ಕಲಸಿ ಎರಡು ಕೈ ಬಳಿದರೆ, ಮುಂದೆ ಹನಿಯುವ ಗ್ಲೇಜನ್ನು ಸುಲಭವಾಗಿ ಎಬ್ಬಿಸಬಹುದು. ಗೋಡೆಗೆ ಬಳಿಯಬೇಡಿ.

ಹೊಸ ಎಲಿಮೆಂಟ್ ಲೆಕ್ಕ ಮತ್ತು ಸುತ್ತುವಿಕೆ

ತಯಾರಕರಿಂದ ಸಿದ್ಧ ಎಲಿಮೆಂಟ್ ಸಿಗುವುದಾದರೆ ಅದನ್ನೇ ಕೊಳ್ಳಿ. ಹಳೆಯ ಆವಿಗೆಗಳಿಗೆ ಅದು ಸಿಗುವುದು ಅಪರೂಪ. ಆಗ ತಂತಿ ಕೊಂಡು ನಾವೇ ಸುತ್ತಿಕೊಳ್ಳಬೇಕು.

ತಂತಿ ಕಾಂತಲ್ ಎ-1 ಆಗಿರಲಿ. ಕಬ್ಬಿಣ, ಕ್ರೋಮಿಯಂ, ಅಲ್ಯುಮಿನಿಯಂ ಸೇರಿದ ಈ ಮಿಶ್ರಲೋಹವನ್ನು ಸ್ವೀಡನ್ನಿನ ಹಾಲ್‌ಸ್ಟಹಮ್ಮಾರ್ ಎಂಬ ಊರಿನಲ್ಲಿ ಹಾನ್ಸ್ ಫಾನ್ ಕಾಂಟ್ಸೋವ್ ರೂಪಿಸಿದರು. ಅವರ ಹೆಸರಿನ ಮೊದಲ ಭಾಗವೂ ಊರಿನ ಹೆಸರಿನ ಮೊದಲ ಭಾಗವೂ ಸೇರಿ ತಂತಿಗೆ ಹೆಸರಾಯಿತು. ತಂತಿ ಸ್ವತಃ 1400 ಡಿಗ್ರಿಯವರೆಗೆ ತಡೆಯುತ್ತದೆ. ಅಂಗಡಿಯಲ್ಲಿ ನೈಕ್ರೋಮನ್ನೇ ಕಾಂತಲ್ ಎಂದು ಕೊಡುವುದುಂಟು. ಅದರ ಮಿತಿ 1200 ಡಿಗ್ರಿ, ಗ್ಲೇಜ್ ಉರಿಗೆ ಸಾಲದು. ಕಿಸೆಯಲ್ಲಿರುವ ಆಯಸ್ಕಾಂತವನ್ನು ತಾಗಿಸಿ ನೋಡಿದರೆ ಕಾಂತಲ್ ಅಂಟಿಕೊಳ್ಳುತ್ತದೆ, ನೈಕ್ರೋಮ್ ಅಂಟಿಕೊಳ್ಳುವುದಿಲ್ಲ.

ತಂತಿಯ ದಪ್ಪದ ಆಯ್ಕೆಯಲ್ಲಿ ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಮೊದಲ ಸಲ 16 ಗೇಜಿನ ತಂತಿ, ಅಂದರೆ 1.63 ಮಿಲಿಮೀಟರ್ ದಪ್ಪದ್ದು, ಕೈಗೆ ಸಿಕ್ಕಿತು. ಅದಕ್ಕೆ ಮೀಟರಿಗೆ ಸುಮಾರು 0.70 ಓಮ್, 17.6 ಓಮಿಗೆ 25 ಮೀಟರ್ ಸಾಕಾಯಿತು, ಅಗ್ಗವೂ ಆಯಿತು. ಮಲ್ಟಿಮೀಟರಿನಲ್ಲಿ ಅಳತೆ ಕರಾರುವಾಕ್ಕಾಗಿ ಬಂದಿತು. ಆದರೆ 3000 ವ್ಯಾಟ್ ಶಾಖವನ್ನು ಹೊರಹಾಕಲು ಆ ತಂತಿಗೆ ಇದ್ದ ಮೇಲ್ಮೈ ಬರೀ 1290 ಚದರ ಸೆಂಟಿಮೀಟರ್, ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ 2.3 ವ್ಯಾಟ್ ಹೊರೆ. ಕೆಲವೇ ಗ್ಲೇಜ್ ಉರಿಗಳಲ್ಲಿ ಕಾಯಿಲ್ ಕುಸಿದು ಸುರುಳಿಗಳು ಒಂದಕ್ಕೊಂದು ತಾಗಿ ತುಂಡಾಯಿತು. ಎರಡನೆಯ ಸಲ 14 ಗೇಜ್, ಅಂದರೆ 2.03 ಮಿಲಿಮೀಟರ್ ತಂದೆ. ಮೀಟರಿಗೆ 0.45 ಓಮಿನಂತೆ 17.6 ಓಮಿಗೆ 39 ಮೀಟರ್ ಬೇಕಾಯಿತು. ಮೇಲ್ಮೈ ಸುಮಾರು 2490 ಚದರ ಸೆಂಟಿಮೀಟರ್, ಹೊರೆ 1.2 ವ್ಯಾಟ್. ಗ್ಲೇಜ್ ಉರಿಯ ಆವಿಗೆಗೆ ಈ ಹೊರೆ 1.5ನ್ನು ಮೀರದಂತೆ ನೋಡಿಕೊಳ್ಳುವುದು ಒಳ್ಳೆಯದು. ಓಮ್ ಸರಿಯಿದ್ದರೆ ಎಲ್ಲ ಸರಿ ಎಂದುಕೊಳ್ಳುವವರಿಗೆ ಈ ಎರಡು ತಂತಿಗಳ ವ್ಯತ್ಯಾಸ ಕಾಣುವುದೇ ಇಲ್ಲ. ಈ ದಪ್ಪದ ತಂತಿ ಕಿಲೋಗೆ ಸುಮಾರು 43 ಮೀಟರ್ ಬರುತ್ತದೆ, ಆದ್ದರಿಂದ ಬಾಲಗಳಿಗೂ ಸೇರಿ ಒಂದು ಕಿಲೋ ಸಾಕು. ಅಂಗಡಿಯಲ್ಲಿ ಹೇಳಿದ ಗೇಜನ್ನು ನಂಬದೆ, 10 ಮೀಟರ್ ಅಳೆದು 4.5 ಓಮ್ ಬರುತ್ತದೆಯೇ ನೋಡಿ. ಒಂದೇ ಮೀಟರ್ ಉದ್ದವನ್ನು ಅಳೆಯಹೋದರೆ ಸಾಮಾನ್ಯ ಮಲ್ಟಿಮೀಟರ್ ಸುಳ್ಳು ಹೇಳುತ್ತದೆ.

ಸುತ್ತಲು 10 ಮಿಲಿಮೀಟರ್ ದಪ್ಪದ ಕಬ್ಬಿಣದ ಸರಳು ಸಾಕು. ಸರಳಿನ ಒಂದು ತುದಿಗೆ ತೂತು ಕೊರೆದು ತಂತಿಯ ಮೊನೆ ಸಿಕ್ಕಿಸಿ, ಲೇತಿನ ಅಥವಾ ನಿಧಾನ ವೇಗದ ಡ್ರಿಲ್ಲಿನ ಸಹಾಯದಿಂದ ತಿರುಗಿಸಬೇಕು. ಇನ್ನೊಬ್ಬರು ದಪ್ಪ ಚರ್ಮದ ಕೈಗವಸು ತೊಟ್ಟು ತಂತಿಯನ್ನು ಬಿಗಿಯಾಗಿ ಎಳೆದು ಹಿಡಿಯಬೇಕು. ಇಬ್ಬರೂ ಕನ್ನಡಕ ಹಾಕಿಕೊಳ್ಳಿ, ತಂತಿಯ ತುದಿ ಬಿಟ್ಟುಕೊಂಡರೆ ಚಾಟಿಯಂತೆ ಬೀಸುತ್ತದೆ. ಒತ್ತೊತ್ತಾಗಿ ಸುತ್ತಿದರೆ ಸಾವಿರಕ್ಕೂ ಮಿಕ್ಕಿ ಸುರುಳಿಗಳಾಗಿ ಸುಮಾರು 2.1 ಮೀಟರ್ ಉದ್ದದ ಕಾಯಿಲ್ ಬರುತ್ತದೆ. ನನ್ನ ಆವಿಗೆಯಲ್ಲಿ ಒಂದು ಸುತ್ತಿಗೆ 1.4 ಮೀಟರಿನಂತೆ ನಾಲ್ಕು ಕಾಲುವೆ, ಒಟ್ಟು 5.6 ಮೀಟರ್, ಹಾಗಾಗಿ ಕಾಯಿಲನ್ನು 2.7 ಪಟ್ಟು ಹಿಗ್ಗಿಸಬೇಕಾಯಿತು. ಎರಡರಿಂದ ಮೂರು ಪಟ್ಟಿನೊಳಗೆ ಇರುವುದು ಒಳ್ಳೆಯದು. ಒಂದು ತುದಿಯನ್ನು ಕೊಕ್ಕೆಗೆ ಸಿಕ್ಕಿಸಿ, ಇನ್ನೊಂದನ್ನು ಹಿಡಿದು ಹಿಂದಕ್ಕೆ ನಡೆಯುತ್ತ ಒಂದೇ ಸಮನಾಗಿ ಎಳೆಯಿರಿ. ಜಗ್ಗಿ ಬಿಟ್ಟರೆ ಒಂದು ಕಡೆ ಸುರುಳಿ ಬಿಚ್ಚಿ ಇನ್ನೊಂದು ಕಡೆ ಒತ್ತಾಗಿ ಉಳಿಯುತ್ತದೆ; ಒತ್ತಾದ ಜಾಗವೇ ಮೊದಲು ಸುಡುವುದು.

ಬಾಲಗಳ ಕಡೆ ಇನ್ನೊಂದು ಎಳೆ ಸೇರಿಸಿ ಜಡೆಯಂತೆ ಹುರಿ ಮಾಡಿ. ದಪ್ಪ ಇಮ್ಮಡಿಯಾದ್ದರಿಂದ ಇಟ್ಟಿಗೆಯನ್ನು ದಾಟುವಲ್ಲಿ ತಂತಿ ತಂಪಾಗಿರುತ್ತದೆ, ಕನೆಕ್ಟರ್ ಬದುಕುತ್ತದೆ.

ಹಳೆಯ ಕಾಯಿಲನ್ನು ತೆಗೆಯುವಾಗ ದಯೆ ತೋರಬೇಕಾಗಿಲ್ಲ. ಒಮ್ಮೆ ಹೆಚ್ಚು ಶಾಖ ಕಂಡ ಕಾಂತಲ್ ತಣ್ಣಗಿರುವಾಗ ಒಣಗಿದ ತೆಂಗಿನ ಕಡ್ಡಿಯಂತೆ ಪಟಪಟನೆ ಮುರಿಯುತ್ತದೆ, ಚೂರುಚೂರಾಗಿ ಇಕ್ಕಳದಿಂದ ಎತ್ತಿಬಿಡಿ. ಇಟ್ಟಿಗೆಯ ತುಟಿಗೆ ಮಾತ್ರ ಇಕ್ಕಳವನ್ನು ಒರಗಿಸಬೇಡಿ. ಉಳಿಸಿಕೊಳ್ಳಬೇಕಾದ ಎಲಿಮೆಂಟ್ ಕಾಲುವೆಯಿಂದ ಜಾರಿದ್ದರೆ, ತಣ್ಣಗೆ ಒತ್ತಿದರೆ ಮುರಿಯುವುದು ಖಂಡಿತ. ಗ್ಯಾಸ್ ಟಾರ್ಚಿನಿಂದ ಆ ಭಾಗವನ್ನು ಕೆಂಪಗೆ ಕಾಯಿಸಿ ಇಕ್ಕಳದಿಂದ ಮೆಲ್ಲಗೆ ಒಳಗೆ ಕೂರಿಸಿ. ಇದನ್ನೂ ವಿದ್ಯುತ್ತಿನ ಸಂಪರ್ಕ ಕಳಚಿಯೇ ಮಾಡಬೇಕು. ಹೊಸ ಕಾಯಿಲ್ ಬಳ್ಳಿಯಂತೆ ಬಳುಕುತ್ತದೆ, ಬೆರಳಿನಿಂದಲೇ ಕೂರಿಸಬಹುದು. ಮೂಲೆಗಳಲ್ಲಿ ಹಿಂದಕ್ಕೆ ಒತ್ತಿ ಕಾಂತಲ್ ಮೊಳೆ ಚುಚ್ಚಿ.

ಥರ್ಮೋಕಪಲ್, ಕಂಟ್ರೋಲರ್, ರಿಲೇ

ಆವಿಗೆಯ ಶಾಖ ತಪ್ಪಾಗಿ ತೋರಿಸುತ್ತಿದ್ದರೆ ಮೊದಲು ಸಂಶಯ ಪಡಬೇಕಾದದ್ದು ಶಾಖ ಅಳೆಯುವ ಥರ್ಮೋಕಪಲ್ ಕಡ್ಡಿಯನ್ನು. ಹವ್ಯಾಸದ ಆವಿಗೆಗಳಲ್ಲಿ ಇರುವುದು ಹೆಚ್ಚಾಗಿ ಕೆ ಟೈಪ್. ಗ್ಲೇಜ್ ಉರಿಗಳಲ್ಲಿ ಇದು ಸವೆದು ತೆಳುವಾಗುತ್ತ, ನಿಧಾನವಾಗಿ ತಪ್ಪು ಹೇಳತೊಡಗುತ್ತದೆ. ಬೆಲೆ ಕಡಿಮೆಯಾದ್ದರಿಂದ ಹಳೆಯ ಆವಿಗೆಯಲ್ಲಿ ಪ್ರಶ್ನಿಸದೆ ಹೊಸದು ಹಾಕಿ. ಹಾಕುವ ಮೊದಲು ಕುದಿಯುವ ನೀರಿನಲ್ಲಿ ಅದ್ದಿ ನೋಡಬಹುದು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. 100 ಬರಲಿಲ್ಲವೆಂದು ಕಡ್ಡಿಯನ್ನು ವಾಪಸು ಕೊಡಬೇಡಿ.

ಎರಡು ತಂತಿಗಳಲ್ಲಿ ಯಾವುದು ಪ್ಲಸ್, ಯಾವುದು ಮೈನಸ್ ಎಂಬುದಕ್ಕೆ ಬಣ್ಣವನ್ನು ನೆಚ್ಚಲಾಗದು, ಅಮೆರಿಕದ, ಯುರೋಪಿನ, ಹಳೆಯ ಬ್ರಿಟಿಷ್ ಪದ್ಧತಿಗಳಲ್ಲಿ ಬಣ್ಣ ಬೇರೆಬೇರೆ. ಮತ್ತೆ ಆಯಸ್ಕಾಂತ ಹೊರತೆಗೆಯಿರಿ: ಕೆ ಟೈಪಿನಲ್ಲಿ ಆಯಸ್ಕಾಂತಕ್ಕೆ ಅಂಟುವ ಕಾಲು ಮೈನಸ್. ಅದಲುಬದಲಾಗಿ ಜೋಡಿಸಿದರೆ ಆವಿಗೆ ಕಾದಂತೆ ಅಂಕಿ ಇಳಿಯುತ್ತದೆ, ಕಂಟ್ರೋಲರ್ ಇನ್ನೂ ತಣ್ಣಗಿದೆ ಎಂದು ಭ್ರಮಿಸಿ ಶಕ್ತಿ ಕೊಡುತ್ತಲೇ ಹೋಗುತ್ತದೆ. ಇದಕ್ಕಿಂತ ಕಣ್ಣಿಗೆ ಬೀಳದ ಅಪಾಯವೆಂದರೆ ಕಂಟ್ರೋಲರಿನ ಸೆಟ್ಟಿಂಗ್. ಆವಿಗೆಯಲ್ಲಿ ಪ್ಲಾಟಿನಂನ ಎಸ್ ಟೈಪ್ ಕಡ್ಡಿಯಿದ್ದು ಕಂಟ್ರೋಲರಿನಲ್ಲಿ ಕೆ ಎಂದು ಆರಿಸಿದ್ದರೆ, ಒಳಗೆ 1200 ಡಿಗ್ರಿ ಇರುವಾಗ ಅದು ತೋರಿಸುವುದು 300ರ ಆಸುಪಾಸು.

ರಿಲೇ ಎರಡು ಬಗೆಯದು. ಟಪ್ ಟಪ್ ಎಂದು ಸದ್ದು ಮಾಡುವ ಕಾಂಟ್ಯಾಕ್ಟರ್ ಆದರೆ ಒಳಗಿನ ಬೆಳ್ಳಿಯ ಬಿಂದುಗಳು ಸುಟ್ಟು ಗುಳಿಬಿದ್ದಿರುತ್ತವೆ. ಉಜ್ಜಿ ಬಳಸುವ ಬದಲು ಹೊಸದನ್ನು ಹಾಕುವುದು ಮೇಲು. ಸದ್ದಿಲ್ಲದ ಸಾಲಿಡ್ ಸ್ಟೇಟ್ ರಿಲೇ ಹೆಚ್ಚು ಕಾಲ ಬಾಳುತ್ತದೆ, ಆದರೆ ಸಾಯುವಾಗ ಸಾಮಾನ್ಯವಾಗಿ ಆನ್ ಆಗಿಯೇ ಸಾಯುತ್ತದೆ. ಕಂಟ್ರೋಲರ್ ಸಾಕು ಎಂದರೂ ಆವಿಗೆ ಕಾಯುತ್ತಲೇ ಹೋಗಿ, ಬೆಳಗಾಗುವಷ್ಟರಲ್ಲಿ ಪಾತ್ರೆಗಳು ಶೆಲ್ಫಿನೊಂದಿಗೆ ಒಂದೇ ಮುದ್ದೆಯಾಗಿರುತ್ತವೆ. ಆದ್ದರಿಂದ ಅದರ ಹಿಂದೆ ಒಂದು ಕಾಂಟ್ಯಾಕ್ಟರನ್ನೂ ಹಾಕಿ, ಕಂಟ್ರೋಲರಿನ ಅತಿಶಾಖದ ಅಲಾರಂಗೆ ಅದನ್ನು ಕಟ್ಟಿಸಿ. 13 ಆಂಪಿಯರಿನ ಸರ್ಕಿಟ್ಟಿಗೆ 40 ಆಂಪಿಯರಿನ ರಿಲೇ, ಅದಕ್ಕೆ ಅಲ್ಯುಮಿನಿಯಂನ ಹೀಟ್ ಸಿಂಕ್ ಇರಲಿ. ಮುಚ್ಚಳ ಎತ್ತಿದರೆ ವಿದ್ಯುತ್ ಕಡಿಯುವ ಸ್ವಿಚ್ ಇಲ್ಲದಿದ್ದರೆ ಅದನ್ನೂ ಇದೇ ಹೊತ್ತಿನಲ್ಲಿ ಸೇರಿಸಿ.

ಮನೆಯ ಲೈನ್

ಈ ಭಾಗವನ್ನು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನರಿಗೇ ಬಿಡಿ. ಏನು ಕೇಳಬೇಕೆಂಬುದನ್ನು ಮಾತ್ರ ತಿಳಿದಿರಿ. 6 ಕಿಲೋವ್ಯಾಟ್ ಆವಿಗೆ 26 ಆಂಪಿಯರ್ ಎಳೆಯುತ್ತದೆ, ಅದೂ ಗಂಟೆಗಟ್ಟಲೆ. ಗೀಸರಿನ 16 ಆಂಪಿಯರ್ ಸಾಕೆಟ್ಟಿಗೆ ಇದನ್ನು ಚುಚ್ಚುವ ಮಾತೇ ಇಲ್ಲ. ಮೇನ್ ಬೋರ್ಡಿನಿಂದ ಪ್ರತ್ಯೇಕವಾಗಿ 6 ಚದರ ಮಿಲಿಮೀಟರಿನ ತಾಮ್ರದ ವೈರು, 32 ಆಂಪಿಯರಿನ ಎಂಸಿಬಿ (ಹೊರೆ ಮೀರಿದರೆ ಬೀಳುವ ಸ್ವಿಚ್), 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಬೀಳುವ ಸ್ವಿಚ್), ಎರಡೂ ತಂತಿಗಳನ್ನು ಕಡಿಯುವ ಐಸೊಲೇಟರ್ ಬೇಕು. ಹೊರತಗಡಿನ ಪ್ರತಿ ಭಾಗವೂ ಮುಚ್ಚಳ ಸಹಿತ ಅರ್ತಿಂಗಿಗೆ ಸೇರಿರಬೇಕು. ಮನೆಗೆ ಮಂಜೂರಾದ ಲೋಡ್ 3 ಕಿಲೋವ್ಯಾಟ್ ಇದ್ದರೆ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಯಾವುದೇ ಇರಲಿ, ಲೋಡ್ ಹೆಚ್ಚಿಸಲು ಅರ್ಜಿ ಕೊಡಬೇಕಾಗುತ್ತದೆ. ಉರಿಯ ಮಧ್ಯೆ ಆರ್‌ಸಿಸಿಬಿ ಬೀಳುತ್ತದೆಂದು ಅದನ್ನು ತಪ್ಪಿಸಿ ನೇರ ಜೋಡಿಸುವವರಿದ್ದಾರೆ. ಹಾಗೆ ಮಾಡಬಾರದು, ಬೀಳುತ್ತಿದ್ದರೆ ತೇವವೋ ತಾಗುವಿಕೆಯೋ ಇದೆ, ಅದನ್ನು ಹುಡುಕಬೇಕು.

ಆವಿಗೆಯನ್ನು ಸಿಮೆಂಟ್ ನೆಲದ ಮೇಲೆ, ಗೋಡೆಯಿಂದ ಒಂದೂವರೆ ಅಡಿ ದೂರದಲ್ಲಿ, ಮಳೆಯ ಎರಚಲು ತಾಗದ, ಗಾಳಿಯಾಡುವ ಜಾಗದಲ್ಲಿ ನಿಲ್ಲಿಸಿ. ಉರಿಯುವಾಗ ಜೇಡಿಯಿಂದ ಗಂಧಕದ ಮತ್ತು ಇಂಗಾಲದ ವಿಷಾನಿಲ ಬರುವುದರಿಂದ ಮಲಗುವ ಕೋಣೆಯ ಪಕ್ಕ ಸಲ್ಲದು.

ಮೊದಲ ಉರಿ

ಮೊದಲ ಉರಿ ಖಾಲಿ ಆವಿಗೆಗೆ. ಮುಚ್ಚಳವನ್ನು ಒಂದಂಗುಲ ಎತ್ತರಿಸಿ, ನೋಟದ ರಂಧ್ರ ತೆರೆದಿಟ್ಟು, 110 ಡಿಗ್ರಿಯಲ್ಲಿ ನಾಲ್ಕೈದು ಗಂಟೆ ಬಿಡಿ. ಮುಚ್ಚಳದ ಸ್ವಿಚ್ ಹಾಕಿಸಿದ್ದರೆ ರಂಧ್ರ ಮಾತ್ರ ತೆರೆದಿಟ್ಟು ಇನ್ನೂ ಹೆಚ್ಚು ಹೊತ್ತು ಬಿಡಬೇಕಾಗುತ್ತದೆ. ಮೂರು ಮಳೆಗಾಲದ ನೀರು ಆವಿಯಾಗಿ ಹೊರಬರುವುದು ಕನ್ನಡಿ ಹಿಡಿದರೆ ಕಾಣುತ್ತದೆ. ಕನ್ನಡಿ ಮಸುಕಾಗದಂತಾದ ಮೇಲೆ ಮುಚ್ಚಳ ಹಾಕಿ. ಆಮೇಲೆ ಗಂಟೆಗೆ 100 ಡಿಗ್ರಿಯಂತೆ 1050ರವರೆಗೆ ಏರಿಸಿ, ಅಲ್ಲಿ ಕೆಲವು ಗಂಟೆ ನಿಲ್ಲಿಸಿ. ಹೊಸ ಕಾಂತಲ್ ತಂತಿಯ ಮೇಲೆ ಅಲ್ಯುಮಿನಾದ ತೆಳುಪದರ ಕೂರುವುದು ಈ ಉರಿಯಲ್ಲಿಯೇ. ಮುಂದೆ ಗ್ಲೇಜಿನ ಆವಿಯಿಂದ ತಂತಿಯನ್ನು ಕಾಪಾಡುವುದು ಅದೇ ಪದರ. ಹೊಗೆಯಾಡಿಸುವ ಪ್ರಯೋಗಗಳನ್ನು ವಿದ್ಯುತ್ ಆವಿಗೆಯಲ್ಲಿ ಮಾಡಿದರೆ ಈ ಪದರವೇ ಹಾಳಾಗುತ್ತದೆ.

ಈ ಉರಿಯ ಉದ್ದಕ್ಕೂ ಪಕ್ಕದಲ್ಲೇ ಇರಿ. ಕನೆಕ್ಟರ್ ಪೆಟ್ಟಿಗೆಯ ಹತ್ತಿರ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದರೆ ತಕ್ಷಣ ಐಸೊಲೇಟರ್ ಕೆಳಗೆ ಮಾಡಿ. ಶೆಲ್ಫಿನ ಮೇಲೆ, ಮಧ್ಯದಲ್ಲಿ ಮತ್ತು ತಳದಲ್ಲಿ ಒಂದೊಂದು 06 ನಂಬರಿನ ಕೋನ್ (ಗೊತ್ತಾದ ಶಾಖಕ್ಕೆ ಬಾಗುವ ಪುಟ್ಟ ಶಂಕು) ಇಟ್ಟಿರಿ. ಅದು ಸುಮಾರು 1000 ಡಿಗ್ರಿಯಲ್ಲಿ ಬಾಗುತ್ತದೆ. ಕಂಟ್ರೋಲರ್ 1000 ಎನ್ನುವ ಹೊತ್ತಿಗೆ ರಂಧ್ರದಿಂದ ಕಪ್ಪು ಗಾಜಿನ ಕನ್ನಡಕ ಹಾಕಿ ನೋಡಿದರೆ ಯಾರ ಮಾತು ನಿಜ ಎಂಬುದು ತಿಳಿಯುತ್ತದೆ. ನನ್ನ ಆವಿಗೆಯಲ್ಲಿ ಕೋನ್ ಬಾಗಿದಾಗ ಕಂಟ್ರೋಲರ್ 985 ತೋರಿಸುತ್ತಿತ್ತು. ಅಂದಿನಿಂದ ಅಷ್ಟು ಅಂತರವನ್ನು ಲೆಕ್ಕಕ್ಕೆ ಹಿಡಿದೇ ಉರಿ ಇಡುತ್ತೇನೆ.

ಪೂರ್ತಿ ತಣ್ಣಗಾಗಲು ಒಂದು ದಿನ ಬಿಡಿ. ಆಮೇಲೆ ಮತ್ತೆ ಪ್ಲಗ್ ಕಿತ್ತು, ಪೆಟ್ಟಿಗೆ ತೆರೆದು, ಪ್ರತಿ ಕನೆಕ್ಟರಿನ ತಿರುಪನ್ನೂ ಬಿಗಿಯಿರಿ. ಮೊದಲ ಉರಿಯ ನಂತರ ಪ್ರತಿಯೊಂದೂ ಕಾಲು ಸುತ್ತು ತಿರುಗುತ್ತದೆ. ಎರಡೂ ಸರ್ಕಿಟ್ಟುಗಳ ಓಮ್ ಅಳೆದು ತಾರೀಖಿನೊಂದಿಗೆ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಳಿಸದ ಶಾಯಿಯಲ್ಲಿ ಬರೆದಿಡಿ. ನನ್ನದರಲ್ಲಿ ಈಗ ಹನ್ನೊಂದು ಸಾಲುಗಳಿವೆ. ಮೇಲಿನ ಸರ್ಕಿಟ್ 17.6ರಿಂದ 18.2ಕ್ಕೆ ಬಂದಿದೆ, ಕೆಳಗಿನದು 18.5ರಲ್ಲಿದೆ. 19.4 ಎಂದು ಬರೆಯುವ ದಿನಕ್ಕಾಗಿ ಇನ್ನೊಂದು ಕಿಲೋ ತಂತಿಯನ್ನು ಅಟ್ಟದ ಮೇಲೆ ಇಟ್ಟಿದ್ದೇನೆ.